ಒಂಟಿ ಜೇನಿನ ಗೂಡು ಕೈಕೊಟ್ಟರೆ: ಕೋಗಿಲೆ ಕಣಜದ ಮೇಲೆ ದೂರು ಹೊರಿಸುವ ಮೊದಲು

ದೂರು ಬಹುತೇಕ ಒಂದೇ ಧಾಟಿಯಲ್ಲಿ ಬರುತ್ತದೆ. ಹಿಂಡು ಕಟ್ಟದೆ ಒಬ್ಬಂಟಿಯಾಗಿ ಗೂಡು ಮಾಡುವ ಒಂಟಿ ಜೇನುಗಳಿಗೆಂದು ತಾರಸಿ ತೋಟದಲ್ಲಿ ಬಿದಿರಿನ ಕೊಳವೆಗಳ ಕಟ್ಟೊಂದನ್ನು ತೂಗುಹಾಕಿರುತ್ತಾರೆ. ಕೆಲವು ಕೊಳವೆಗಳ ಬಾಯಿ ಮುಚ್ಚಿಕೊಂಡಿತು, ಜೇನು ಬಂದು ಮೊಟ್ಟೆಯಿಟ್ಟಿತು ಎಂದು ಖುಷಿಪಟ್ಟಿರುತ್ತಾರೆ. ಆಮೇಲೆ ಅಲ್ಲಿಂದ ಏನೂ ಹೊರಬರಲಿಲ್ಲ, ಇಲ್ಲವೇ ಹೊರಬಂದದ್ದು ಜೇನಲ್ಲ. ಈ ನಡುವೆ ಎಂದೋ ಒಂದು ದಿನ ಪಚ್ಚೆ, ನೀಲಿ ಬಣ್ಣದಲ್ಲಿ ಮಿಂಚುವ ಕೀಟವೊಂದು ಕೊಳವೆಗಳ ಬಾಯಿಯನ್ನು ಮೀಸೆಯಿಂದ ತಟ್ಟಿ ನೋಡುತ್ತಿದ್ದದ್ದು ಕಣ್ಣಿಗೆ ಬಿದ್ದಿರುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಕೋಗಿಲೆ ಕಣಜ ಎಂಬ ಹೆಸರು ಸಿಗುತ್ತದೆ: ಕೋಗಿಲೆಯಂತೆ ಬೇರೆಯವರ ಗೂಡಿನಲ್ಲಿ ಮೊಟ್ಟೆಯಿಡುವ ಕಣಜ. ಅಲ್ಲಿಗೆ ವಿಚಾರಣೆ ಮುಗಿದು, ಉಳಿಯುವ ಪ್ರಶ್ನೆ ಒಂದೇ: ಇದಕ್ಕೆ ಯಾವ ಔಷಧಿ ಹೊಡೆಯಬೇಕು?

ಯಾವ ಔಷಧಿಯನ್ನೂ ಹೊಡೆಯಬಾರದು. ಕಣಜವನ್ನು ಕೊಲ್ಲುವ ಔಷಧಿ ಜೇನನ್ನೂ ಕೊಲ್ಲುತ್ತದೆ. ಬೇವಿನೆಣ್ಣೆ, ಸೀಮೆಎಣ್ಣೆ, ಸೊಳ್ಳೆಗೆ ಹೊಡೆಯುವ ಸ್ಪ್ರೇ ಇವು ಯಾವುವಕ್ಕೂ ಅತಿಥಿಯಾರು, ಕಳ್ಳನಾರು ಎಂದು ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಂಥ ಪ್ರಕರಣಗಳಲ್ಲಿ ಕೋಗಿಲೆ ಕಣಜ ಒಂದೋ ನಿರಪರಾಧಿ, ಇಲ್ಲವೇ ಜೇನಿಗಲ್ಲದೆ ಬೇರೆ ಯಾರಿಗೋ ತೊಂದರೆ ಕೊಟ್ಟಿರುವ ಸಾಧ್ಯತೆ ಸಾಕಷ್ಟಿದೆ. ಕಣ್ಣಿಗೆ ಹೊಡೆಯುವಂತೆ ಹೊಳೆಯುವುದೇ ಅದರ ದುರದೃಷ್ಟ. ಗೂಡನ್ನು ನಿಜವಾಗಿ ಹಾಳುಗೆಡವುವ ಹುಳು ಒಂದೂವರೆ ಮಿಲಿಮೀಟರು ಉದ್ದವಿರುತ್ತದೆ, ಅದನ್ನು ಯಾರೂ ಫೋಟೋ ತೆಗೆಯುವುದಿಲ್ಲ.

ಹಾಗಾಗಿ ಕ್ರಮವಾಗಿ ನೋಡೋಣ.

ಮೊದಲ ಪರೀಕ್ಷೆ: ಕೊಳವೆಯೊಳಗೆ ಇದ್ದದ್ದು ಜೇನೇ?

ಕೊಳವೆ ಹುಡುಕಿಕೊಂಡು ಬರುವುದು ಜೇನು ಮಾತ್ರವಲ್ಲ. ನಮ್ಮ ಕಡೆಯ ಊರುಗಳಲ್ಲಿ ತೂಗುಹಾಕಿದ ಬಿದಿರಿನ ಕಟ್ಟಿಗೆ ಎಲೆ ಕತ್ತರಿಸುವ ಜೇನು, ರಾಳ ಅಥವಾ ಮಣ್ಣಿನಿಂದ ಗೋಡೆ ಕಟ್ಟುವ ಅದರ ಬಂಧುಗಳು (ಇವೆಲ್ಲ ಮೆಗಾಕೈಲ್ ಎಂಬ ಒಂದೇ ಕುಲದವು), ಕಂಬಳಿಹುಳು ಹಿಡಿಯುವ ಕುಂಬಾರ ಕಣಜಗಳು, ಜೇಡ ಹಿಡಿಯುವ ಸಣಕಲು ಕರಿ ಕಣಜಗಳು, ಮಿಡತೆ ಹಿಡಿದು ಹುಲ್ಲುಕಡ್ಡಿ ತುಂಬುವ ಕಣಜಗಳು, ಎಲ್ಲವೂ ಬರುತ್ತವೆ. ಹೊರಗಿನಿಂದ ನೋಡಿದರೆ ಮುಚ್ಚಿದ ಬಾಯಿ ಎಲ್ಲವೂ ಗೂಡೇ. ಒಳಗಿನ ದಾಸ್ತಾನು ಮಾತ್ರ ಬೇರೆ ಬೇರೆ.

ಮುಚ್ಚಳವನ್ನು ನೋಡಿ ಅರ್ಧ ಉತ್ತರ ಪಡೆಯಬಹುದು. ವೃತ್ತಾಕಾರವಾಗಿ ಕತ್ತರಿಸಿದ ಎಲೆ ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ಮುಚ್ಚಿದ್ದರೆ ಎಲೆ ಕತ್ತರಿಸುವ ಜೇನು. ಹತ್ತಿರದ ಗುಲಾಬಿ ಅಥವಾ ಹೊಂಗೆಯ ಎಲೆಯಂಚಿನಲ್ಲಿ ಅಚ್ಚುಕಟ್ಟಾದ ಅರ್ಧಚಂದ್ರಗಳು ಕಾಣಿಸುತ್ತವೆ. ಬಾಯಿಯಿಂದ ಹುಲ್ಲಿನ ಎಳೆಗಳು ಕುಂಚದಂತೆ ಹೊರಗೆ ಚಾಚಿದ್ದರೆ ಅದು ಮಿಡತೆ ಹಿಡಿಯುವ ಕಣಜ. ಬರೀ ಮಣ್ಣಿನ ಬಿರಡೆಯಾದರೆ ತೊಡಕು: ಕುಂಬಾರ ಕಣಜವೂ ಆಗಬಹುದು, ಜೇಡ ಹಿಡಿಯುವ ಟ್ರಿಪಾಕ್ಸಿಲಾನ್ ಆಗಬಹುದು, ಕಡುನೀಲಿ ಚಾಲಿಬಿಯಾನ್ ಕಣಜ ಆಗಬಹುದು, ಮಣ್ಣು ಬಳಸುವ ಮೆಗಾಕೈಲ್ ಕೂಡ ಆಗಬಹುದು. ಆಗ ಗೂಡು ಕಟ್ಟುವ ಹೊತ್ತಿನಲ್ಲಿ ಕೊಳವೆಯ ಮುಂದೆ ಕುಳಿತು ನೋಡುವುದೊಂದೇ ದಾರಿ. ಹೊಟ್ಟೆಯ ಅಡಿಭಾಗದಲ್ಲಿ ಹಳದಿ ಪರಾಗ ಮೆತ್ತಿಕೊಂಡು ಬಂದರೆ ಜೇನು. ಮೆಗಾಕೈಲ್‌ಗಳು ಪರಾಗವನ್ನು ಕಾಲಿನಲ್ಲಲ್ಲ, ಹೊಟ್ಟೆಯಡಿಯ ಕೂದಲಿನಲ್ಲಿ ಹೊರುತ್ತವೆ. ಹಸಿರು ಹುಳುವನ್ನೋ ಸೋತ ಜೇಡವನ್ನೋ ಹೊತ್ತು ತಂದರೆ ಅದು ಬೇಟೆಗಾರ ಕಣಜ.

ಈ ಪರೀಕ್ಷೆ ಏಕೆ ಮುಖ್ಯವೆಂದರೆ, ಕ್ರೈಸಿಡಿಡೇ ಎಂಬ ಕೋಗಿಲೆ ಕಣಜಗಳ ಕುಟುಂಬದಲ್ಲಿ ಜಗತ್ತಿನಾದ್ಯಂತ ಎರಡೂವರೆ ಸಾವಿರಕ್ಕೂ ಹೆಚ್ಚು ಪ್ರಭೇದಗಳಿದ್ದರೂ ಒಂದೊಂದಕ್ಕೂ ತನ್ನದೇ ಆದ ಗಿರಾಕಿಗಳಿದ್ದಾರೆ. ಯುರೋಪಿನಲ್ಲಿ ಚೆನ್ನಾಗಿ ಅಧ್ಯಯನವಾದ ಕ್ರೈಸಿಸ್ ಇಗ್ನೈಟಾ ಗುಂಪಿನ ಕಣಜಗಳು ಹೆಚ್ಚಾಗಿ ಹೋಗುವುದು ಕುಂಬಾರ ಕಣಜಗಳ ಗೂಡಿಗೆ. ಟ್ರೈಕ್ರೈಸಿಸ್ ಸಯಾನಿಯಾ ಹೋಗುವುದು ಟ್ರಿಪಾಕ್ಸಿಲಾನ್ ಗೂಡಿಗೆ. ಮಣ್ಣಿನಿಂದ ಗೋಡೆ ಕಟ್ಟುವ ಮೇಸನ್ ಜೇನಿನ ಗೂಡಿಗೆ ಹೋಗುವುದು ಕ್ರೈಸುರಾ. ನಮ್ಮಲ್ಲಿ ಕಾಣುವ ದೊಡ್ಡ ಕೋಗಿಲೆ ಕಣಜ ಸ್ಟಿಲ್ಬಂ ಸಯನ್ಯೂರಂ, ಎರಡು ಸೆಂಟಿಮೀಟರಿನವರೆಗೂ ಬೆಳೆಯುವಂಥದ್ದು, ಮುಖ್ಯವಾಗಿ ಮಣ್ಣಿನ ಗೂಡುಗಳ ಬೆನ್ನು ಬೀಳುತ್ತದೆ: ಗೋಡೆ ಮೂಲೆಯಲ್ಲಿ ಮಣ್ಣಿನ ಉಂಡೆ ಕಟ್ಟುವ ಕಣಜಗಳದ್ದು, ಕೆಲವೊಮ್ಮೆ ಮಣ್ಣು ಬಳಸುವ ಮೆಗಾಕೈಲ್‌ನದ್ದು. ಹೀಗಾಗಿ ನಿಮ್ಮ ಕಟ್ಟಿನ ಮುಂದೆ ಕೋಗಿಲೆ ಕಣಜ ಸುಳಿದಾಡಿತು ಎಂದ ಮಾತ್ರಕ್ಕೆ ಅದು ಜೇನಿಗಾಗಿ ಬಂದಿದೆ ಎಂದಾಗುವುದಿಲ್ಲ. ಪಕ್ಕದ ಕೊಳವೆಯ ಕುಂಬಾರ ಕಣಜಕ್ಕಾಗಿ ಬಂದಿರಬಹುದು.

ಒಂದು ಸಣ್ಣ ಶಿಸ್ತು ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಪ್ರತಿ ಕೊಳವೆಯ ಬಾಯಿಯ ಪಕ್ಕ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಿರಿ. ಯಾವ ಸಂಖ್ಯೆಯಲ್ಲಿ ಯಾರು ಗೂಡು ಕಟ್ಟಿದರು, ಬಾಯಿ ಮುಚ್ಚಿದ ದಿನ ಯಾವುದು, ಹೊಳೆಯುವ ಕೀಟ ಯಾವ ಕೊಳವೆಯೊಳಗೆ ಇಣುಕಿತು ಎಂದು ಗುರುತು ಮಾಡಿಕೊಳ್ಳಿ. ಇದಿಲ್ಲದೆ ಮಾಡುವ ರೋಗನಿರ್ಣಯವೆಲ್ಲ ಊಹೆ.

ಎರಡನೆಯದು: ಹೊಳೆದದ್ದು ಕೋಗಿಲೆ ಕಣಜವೇ?

ಹಸಿರಾಗಿ ಹೊಳೆಯುವವರ ಪಟ್ಟಿ ಉದ್ದವಿದೆ. ಕಸದ ಮೇಲೆ ಕೂರುವ ಹಸಿರು ನೊಣದಿಂದಲೇ ಶುರುವಾಗುತ್ತದೆ. ಅದಕ್ಕೆ ಎರಡೇ ರೆಕ್ಕೆ, ದೊಡ್ಡ ಕೆಂಗಣ್ಣು, ಮೋಟು ಮೀಸೆ. ಸೆರಾಟಿನಾ ಸ್ಮರಗ್ಡುಲಾ ಎಂಬ ಪುಟ್ಟ ಜೇನು ಪೂರ್ತಿ ಪಚ್ಚೆ ಬಣ್ಣದ್ದು; ಕತ್ತರಿಸಿದ ಒಣ ಕಡ್ಡಿಗಳ ತಿರುಳು ಕೊರೆದು ಗೂಡು ಮಾಡುವ ಸಾಧು ಪ್ರಾಣಿ. ಇದನ್ನೂ ಕೋಗಿಲೆ ಕಣಜವೆಂದು ತಿಳಿದು ಓಡಿಸಿದವರಿದ್ದಾರೆ, ಅಂದರೆ ಯಾವ ಜೇನಿಗಾಗಿ ಕಟ್ಟು ತೂಗುಹಾಕಿದರೋ ಅದನ್ನೇ ಅಟ್ಟಿದ್ದಾರೆ. ಇನ್ನು ಜಿರಲೆ ಬೇಟೆಯ ಪಚ್ಚೆ ಕಣಜ, ಆಂಪ್ಯುಲೆಕ್ಸ್ ಕಂಪ್ರೆಸ್ಸಾ: ಉದ್ದನೆಯ ಮೈ, ಕೆಂಪು ತೊಡೆ. ಜಿರಲೆಯ ಮಿದುಳಿಗೆ ಕುಟುಕಿ, ಅದರ ಮೀಸೆ ಹಿಡಿದು ನಡೆಸಿಕೊಂಡು ಹೋಗಿ ಯಾವುದಾದರೂ ಬಿಲದಲ್ಲಿ ಕೂಡಿಹಾಕುತ್ತದೆ. ಕೊಳವೆ ಒಡೆದಾಗ ಒಳಗೆ ಜಿರಲೆಯ ಚಿಪ್ಪು ಸಿಕ್ಕಿದರೆ ಗಾಬರಿಯಾಗಬೇಡಿ, ಅದು ಇದರ ಕೆಲಸ. ಕಪ್ಪು ಮೈಯ ಮೇಲೆ ತಿಳಿನೀಲಿ ಮಚ್ಚೆಗಳಿರುವ ಥೈರಿಯಸ್ ಸ್ವತಃ ಕೋಗಿಲೆ ಜೇನೇ ಹೌದು, ಆದರೆ ಅದರ ಗುರಿ ನೆಲದಲ್ಲಿ, ಮಣ್ಣಿನ ಗೋಡೆಯಲ್ಲಿ ಬಿಲ ತೋಡುವ ನೀಲಿಪಟ್ಟಿ ಜೇನಿನ ಗೂಡು. ಬಿದಿರಿಗೆ ಅದರಿಂದ ಅಪಾಯವಿಲ್ಲ.

ಕೋಗಿಲೆ ಕಣಜವನ್ನು ಗುರುತಿಸಲು ಬಣ್ಣ ಬಿಟ್ಟು ಮೂರು ಗುರುತುಗಳನ್ನು ನೋಡಿ. ಮೈತುಂಬ ಸುತ್ತಿಗೆಯಿಂದ ತಟ್ಟಿದ ತಾಮ್ರದ ಪಾತ್ರೆಯ ಹಾಗೆ ಕುಳಿಕುಳಿಯಾದ ಗಟ್ಟಿ ಚಿಪ್ಪು. ಮೇಲಿನಿಂದ ನೋಡಿದರೆ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಮೂರೇ ಫಲಕ. ಹೊಟ್ಟೆಯ ಅಡಿಭಾಗ ಉಬ್ಬಿರದೆ ಒಳಗೆ ತಗ್ಗಾಗಿರುವುದು. ಈ ತಗ್ಗು ಸುಮ್ಮನೆ ಇಲ್ಲ. ಅಪಾಯ ಬಂದಾಗ ತಲೆ, ಕಾಲು, ಎಲ್ಲವನ್ನೂ ಆ ಹಳ್ಳದೊಳಗೆ ಮಡಿಸಿ ಕಣಜ ಗುಂಡಗೆ ಮುದುಡಿಕೊಳ್ಳುತ್ತದೆ. ಆಗ ಕಚ್ಚಲು ಸಿಗುವುದು ಗಟ್ಟಿ ಚಿಪ್ಪು ಮತ್ತು ರೆಕ್ಕೆ ಮಾತ್ರ. ಬಣ್ಣದ ಬಗ್ಗೆ ಒಂದು ಮಾತು: ಅದು ಬಣ್ಣದ ಪುಡಿಯಿಂದ ಬಂದದ್ದಲ್ಲ, ಚಿಪ್ಪಿನ ಸೂಕ್ಷ್ಮ ಪದರಗಳಲ್ಲಿ ಬೆಳಕು ಚೆದುರಿ ಹುಟ್ಟುವಂಥದ್ದು. ಸತ್ತು ವರ್ಷಗಳಾದ ಕಣಜವೂ ಅಷ್ಟೇ ಹೊಳೆಯುತ್ತದೆ. ಕೊಳವೆಯ ತಳದಲ್ಲಿ ಹೊಳೆಯುವ ಹೆಣ ಸಿಕ್ಕಿದರೆ ಅದು ಈ ವರ್ಷದ್ದೇ ಎಂದು ತೀರ್ಮಾನಿಸಬೇಡಿ.

ಹೆದರಿಕೆಯವರಿಗೆ ಇನ್ನೊಂದು ಮಾತು. ನಮ್ಮ ಕೊಳವೆಗಳಿಗೆ ಬರುವ ಕೋಗಿಲೆ ಕಣಜಗಳು ಮನುಷ್ಯರನ್ನು ಕುಟುಕಲಾರವು. ಬೇರೆ ಕಣಜಗಳಲ್ಲಿ ಕೊಂಡಿ ಇರುವ ಜಾಗದಲ್ಲಿ ಇವಕ್ಕೆ ದುರ್ಬೀನಿನಂತೆ ಒಂದರೊಳಗೊಂದು ಸರಿಯುವ, ಮೊಟ್ಟೆಯಿಡುವ ನಳಿಗೆ ಇದೆ.

ನಿಜವಾಗಿಯೂ ಅದೇ ಆಗಿದ್ದರೆ: ಅದು ನುಗ್ಗುವ ಬಗೆ

ದೋಷವನ್ನು ತಿದ್ದಬೇಕಾದರೆ ಅದು ಯಾವ ಹೊತ್ತಿನಲ್ಲಿ, ಯಾವ ಸಂದಿನಲ್ಲಿ ಆಗುತ್ತದೆ ಎಂದು ತಿಳಿದಿರಬೇಕು. ಒಂಟಿ ಜೇನು ಒಂದು ಕೋಶ, ಅಂದರೆ ಒಂದು ಮರಿಯ ಕೋಣೆ, ಕಟ್ಟಲು ಹಲವು ಸಲ ಹೊರಗೆ ಹೋಗಿ ಬರಬೇಕು. ಎಲೆ ತುಂಡುಗಳ ಬಟ್ಟಲು ಮಾಡಬೇಕು, ಮಕರಂದ ಬೆರೆಸಿದ ಪರಾಗದ ಮುದ್ದೆ ತುಂಬಬೇಕು, ಮೊಟ್ಟೆಯಿಡಬೇಕು, ಬಾಯಿ ಮುಚ್ಚಬೇಕು, ಮತ್ತೆ ಮುಂದಿನ ಕೋಶ. ಕಾವಲಿಗೆ ತಂಗಿ ಇಲ್ಲ, ಮಗಳಿಲ್ಲ. ತುಡುವೆಯ ಪೆಟ್ಟಿಗೆಯಂತೆ ಬಾಗಿಲಲ್ಲಿ ಪಹರೆಯವರಿಲ್ಲ. ತಾಯಿ ಹೂವಿನ ಮೇಲಿರುವಷ್ಟು ಹೊತ್ತೂ ಮನೆ ತೆರೆದೇ ಇರುತ್ತದೆ. ಕೋಗಿಲೆ ಕಣಜ ಹತ್ತಿರದ ಗೋಡೆಯ ಬಿಸಿಲಿನಲ್ಲಿ ಕುಳಿತು ಆ ಹೊತ್ತಿಗಾಗಿಯೇ ಕಾಯುತ್ತದೆ. ಜೇನು ಹಾರಿದೊಡನೆ ಒಳಗೆ ಹೋಗಿ, ನಳಿಗೆ ಚಾಚಿ, ಒಂದು ಮೊಟ್ಟೆ ಇಟ್ಟು ಹೊರಬರುತ್ತದೆ. ಜೇನು ಬಂದು ತನ್ನ ಪಾಡಿಗೆ ಬಾಯಿ ಮುಚ್ಚುತ್ತದೆ, ಕಳ್ಳನನ್ನೂ ಸೇರಿಸಿ.

ನಡುವೆ ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದಕ್ಕೆ 19ನೇ ಶತಮಾನದ ಫ್ರೆಂಚ್ ಕೀಟವಿಜ್ಞಾನಿ ಲೆಪೆಲೆಟಿಯೆ ದಾಖಲಿಸಿದ ಘಟನೆಯೊಂದಿದೆ. ಮರಳಿ ಬಂದ ಜೇನು ಕೋಗಿಲೆ ಕಣಜವನ್ನು ಹಿಡಿಯಿತು, ಕಣಜ ಮುದುಡಿಕೊಂಡಿತು, ಕಚ್ಚಲು ಬೇರೇನೂ ಸಿಗದೆ ಜೇನು ಅದರ ನಾಲ್ಕು ರೆಕ್ಕೆಗಳನ್ನೂ ಕತ್ತರಿಸಿ ಕೆಳಗೆ ಬೀಳಿಸಿತು. ಜೇನು ಮತ್ತೆ ಹೂವಿಗೆ ಹೋದಾಗ ಕಣಜ ಗೋಡೆಯನ್ನು ನಡೆದೇ ಹತ್ತಿ ಬಂದು ಮೊಟ್ಟೆಯಿಟ್ಟಿತು.

ಆದರೆ ಜಗಳ ಕಾಣದಿದ್ದರೆ ಕಣಜ ಬಂದಿಲ್ಲ ಎಂದುಕೊಳ್ಳಬೇಡಿ. ಕೀಟಗಳು ಪರಸ್ಪರ ಗುರುತಿಸುವುದು ಮೈಮೇಲಿನ ಮೇಣದ ವಾಸನೆಯಿಂದ. ಜೇನ್ನೊಣ ಹಿಡಿಯುವ ಫಿಲಾಂಥಸ್ ಕಣಜದ ಗೂಡಿಗೆ ನುಗ್ಗುವ ಹೆಡಿಕ್ರಂ ರುಟಿಲಾನ್ಸ್ ಎಂಬ ಕೋಗಿಲೆ ಕಣಜದ ಮೈಮೇಣ ಆತಿಥೇಯನದನ್ನೇ ಹೋಲುತ್ತದೆ ಎಂದು ಜರ್ಮನಿಯ ಸಂಶೋಧಕರು 2008ರಲ್ಲಿ ತೋರಿಸಿದರು. ಅದು ಓಡಾಡಿ ಹೋದ ಬಿಲದಲ್ಲಿ ಅನ್ಯರ ವಾಸನೆಯೇ ಹತ್ತುವುದಿಲ್ಲ. ಎಲ್ಲ ಕೋಗಿಲೆ ಕಣಜಗಳೂ ಹೀಗೇ ಮಾಡುತ್ತವೆ ಎಂದು ಹೇಳಲಾಗದು. ಗೂಡಿನ ಒಡತಿ ಸುಮ್ಮನಿದ್ದಾಳೆ ಎಂಬುದು ಮಾತ್ರ ಯಾವುದಕ್ಕೂ ಪುರಾವೆಯಲ್ಲ.

ಒಳಗೆ ನಡೆಯುವುದು ಎರಡು ರೀತಿ. ಕೆಲವು ಪ್ರಭೇದಗಳ ಮರಿ ಹುಟ್ಟಿದೊಡನೆ ಆತಿಥೇಯನ ಮೊಟ್ಟೆಯನ್ನೋ ಎಳೆ ಮರಿಯನ್ನೋ ಮುಗಿಸಿ ದಾಸ್ತಾನು ತಿಂದು ಬೆಳೆಯುತ್ತದೆ. ಇನ್ನು ಕೆಲವು, ಕ್ರೈಸುರಾದಂಥವು, ಅವಸರ ಮಾಡುವುದಿಲ್ಲ. ಜೇನಿನ ಮರಿ ಪರಾಗವನ್ನೆಲ್ಲ ತಿಂದು, ಕೊಬ್ಬಿ, ರೇಷ್ಮೆ ಚೀಲ ನೇಯ್ದುಕೊಳ್ಳುವವರೆಗೆ ಅದರ ಮೈಮೇಲೇ ಪುಟ್ಟದಾಗಿ ಉಳಿದಿದ್ದು, ಆಮೇಲೆ ಅದನ್ನು ತಿನ್ನುತ್ತದೆ. ಈ ವ್ಯತ್ಯಾಸ ಕೊಳವೆ ಬಿಚ್ಚಿದಾಗ ಉಪಯೋಗಕ್ಕೆ ಬರುತ್ತದೆ. ಎರಡರಲ್ಲೂ ಲೆಕ್ಕ ಮಾತ್ರ ಒಂದೇ: ಒಂದು ಕೋಶಕ್ಕೆ ಒಂದು ಕಣಜ. ಆರು ಕೋಶಗಳ ಕೊಳವೆಯಲ್ಲಿ ಒಂದರೊಳಗೆ ಅದು ಸೇರಿಕೊಂಡರೆ ಉಳಿದ ಐದಕ್ಕೆ ಏನೂ ಆಗುವುದಿಲ್ಲ. ಇಡೀ ಕೊಳವೆ ನಾಶವಾಗಿದ್ದರೆ, ಅದರಲ್ಲೂ ಹಲವು ಕೊಳವೆಗಳು ಒಟ್ಟಿಗೇ ಸತ್ತಿದ್ದರೆ, ಕಾರಣವನ್ನು ಬೇರೆ ಕಡೆ ಹುಡುಕಿ.

ಕೊಳವೆ ಬಿಚ್ಚಿ ಓದುವುದು

ಬದುಕಿರುವ ಗೂಡನ್ನು ಬಿಚ್ಚಬೇಡಿ. ಬಾಯಿ ಒಡೆದು ಏನೋ ಹೊರಬಂದ ಮೇಲೆ, ಅಥವಾ ತಿಂಗಳುಗಟ್ಟಲೆ ಕಾದು ಆಸೆ ಬಿಟ್ಟ ಮೇಲೆ ಮಾತ್ರ ಬಿದಿರನ್ನು ಸೀಳಿ. ಬಿಳಿ ಕಾಗದ, ಒಂದು ಸೂಜಿ, ಹತ್ತು ಪಟ್ಟು ದೊಡ್ಡದಾಗಿ ತೋರುವ ಕೈ ಮಸೂರ ಸಾಕು. ಕೋಶಗಳನ್ನು ಕೊಳವೆಯಲ್ಲಿದ್ದ ಕ್ರಮದಲ್ಲೇ ಸಾಲಾಗಿ ಇಟ್ಟುಕೊಳ್ಳಿ, ಏಕೆಂದರೆ ಕ್ರಮವೇ ಅರ್ಧ ಸುಳಿವು. ಹೆಣ್ಣು ಜೇನುಗಳು ಒಳಗಿನ ಕೋಶಗಳಲ್ಲಿ, ಗಂಡುಗಳು ಬಾಯಿಯ ಹತ್ತಿರದ ಕೋಶಗಳಲ್ಲಿ ಇರುತ್ತವೆ. ಗಂಡು ಮೊದಲು ಹೊರಡುತ್ತದೆ.

ಸರಿಯಾಗಿ ನಡೆದ ಕೋಶ ಹೀಗಿರುತ್ತದೆ: ಎಲೆಯ ಬಟ್ಟಲು ಗಟ್ಟಿಯಾಗಿದೆ, ಒಳಗೆ ಕಂದು ರೇಷ್ಮೆ ಚೀಲ, ಅದಕ್ಕೆ ಅಂಟಿದ ಮರಿಯ ಹಿಕ್ಕೆಯ ಚಿಕ್ಕ ಉಂಡೆಗಳು, ಮುಂಭಾಗದಲ್ಲಿ ಕೋಶದ ಅಗಲಕ್ಕೆ ತಕ್ಕ ದುಂಡು ತೂತು. ಇದನ್ನು ನೋಡಿ "ಖಾಲಿ, ಏನೂ ಇಲ್ಲ" ಎಂದು ದುಃಖಪಡುವವರು ಬಹಳ. ಖಾಲಿ ಇದೆಯೆಂದರೆ ಗೆದ್ದಿದೆ ಎಂದರ್ಥ.

ಜೇನಿನ ಕಂದು ಚೀಲದೊಳಗೆ ಇನ್ನೊಂದು ತೆಳ್ಳನೆಯ, ಬೆಳಕು ಹಾಯುವ ಚೀಲ, ಪಕ್ಕದಲ್ಲಿ ಸುಕ್ಕಿದ ಮರಿಯ ಚರ್ಮ ಇದ್ದರೆ ಅದು ಕಾದು ತಿನ್ನುವ ಕೋಗಿಲೆ ಕಣಜದ ಗುರುತು. ಜೇನಿನ ಚೀಲವೇ ಇಲ್ಲದೆ ತೆಳು ಚೀಲವೊಂದೇ ಇದ್ದರೆ ಮೊದಲೇ ಕೊಂದು ದಾಸ್ತಾನು ತಿಂದ ಬಗೆಯದು. ಆದರೆ ಎರಡನೆಯ ಲಕ್ಷಣವನ್ನು ಕಂಡೊಡನೆ ಕೋಗಿಲೆ ಕಣಜವೆಂದು ಬರೆದುಕೊಳ್ಳಬೇಡಿ. ಎಲೆ ಕತ್ತರಿಸುವ ಜೇನಿನ ಗೂಡಿಗೆ ನಿಜವಾದ ತಲೆನೋವು ಸೀಲಿಯಾಕ್ಸಿಸ್, ಅದೊಂದು ಜೇನೇ. ಕಪ್ಪು ಮೈ, ಬಿಳಿ ಕೂದಲ ಪಟ್ಟಿ, ಹೆಣ್ಣಿನ ಹೊಟ್ಟೆ ಶಂಕುವಿನಂತೆ ಚೂಪು. ಆ ಚೂಪಿನಿಂದ ಎಲೆ ಗೋಡೆಯನ್ನು ಸೀಳಿ ಮೊಟ್ಟೆ ಸೇರಿಸುತ್ತದೆ. ಅದರ ಮರಿಗೆ ಕುಡುಗೋಲಿನಂಥ ದವಡೆ, ಅದರಿಂದ ಮನೆಯ ಮರಿಯನ್ನು ಕೊಲ್ಲುತ್ತದೆ. ಹೊಳಪಿಲ್ಲದ ಕಾರಣ ಇದನ್ನು ಯಾರೂ ಶಂಕಿಸುವುದಿಲ್ಲ, ಜೇನೇ ಬಂದಿದೆ ಎಂದು ಸಂತೋಷಪಡುತ್ತಾರೆ ಕೂಡ. ಕೊಳವೆಯ ಬಾಯಿಗೆ ಬರುವ ಜೇನಿನ ಹೊಟ್ಟೆಯಡಿ ಪರಾಗವೂ ಇಲ್ಲ, ಬಾಯಲ್ಲಿ ಎಲೆಯೂ ಇಲ್ಲ, ಹಿಂಭಾಗ ಚೂಪಾಗಿದೆ ಎಂದರೆ ಅದು ಸೀಲಿಯಾಕ್ಸಿಸ್ ಎಂದು ತಿಳಿಯಿರಿ.

ಬಿರಡೆಯಲ್ಲಿ ಅಥವಾ ಚೀಲದಲ್ಲಿ ಗುಂಡುಸೂಜಿಯಿಂದ ಚುಚ್ಚಿದಷ್ಟು ಸಣ್ಣ ತೂತುಗಳು, ಒಳಗೆ ರವೆಯಂತೆ ನೂರಾರು ಪುಟ್ಟ ಕೋಶಾವಸ್ಥೆಯ ಹುಳುಗಳು ಅಥವಾ ಅವುಗಳ ಒಣ ಸಿಪ್ಪೆ: ಇದು ಮೆಲಿಟೋಬಿಯಾ. ನಾನು ಮೊದಲೇ ಹೇಳಿದ ಒಂದೂವರೆ ಮಿಲಿಮೀಟರಿನ ಕಣಜ ಇದೇ. ಇದು ಬಾಯಿ ಮುಚ್ಚಿದ ಮೇಲೂ ಸಂದುಗಳಲ್ಲಿ ನುಸುಳುತ್ತದೆ. ಒಂದೇ ಮರಿಯ ಮೇಲೆ ನೂರಾರು ಮಕ್ಕಳು ಬೆಳೆಯುತ್ತವೆ, ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಇರುವ ಕೆಲವೇ ಗಂಡುಗಳು ಕುರುಡು, ಹಾರಲಾರವು, ಹುಟ್ಟಿದ ಚೀಲದೊಳಗೇ ಹೊಡೆದಾಡಿ ಸಾಯುತ್ತವೆ. ಹೆಣ್ಣುಗಳು ಪಕ್ಕದ ಕೋಶಕ್ಕೆ, ಪಕ್ಕದ ಕೊಳವೆಗೆ ಹೋಗುತ್ತವೆ. ಬೆಚ್ಚಗಿನ ಊರಿನಲ್ಲಿ ತಲೆಮಾರು ಬೇಗ ಬೇಗ ಮುಗಿಯುವುದರಿಂದ ಇಡೀ ಕಟ್ಟನ್ನೇ ಖಾಲಿ ಮಾಡಬಲ್ಲದು. ಒಟ್ಟಿಗೇ ಹಲವು ಕೊಳವೆ ಸತ್ತಿದ್ದರೆ ನನ್ನ ಮೊದಲ ಶಂಕೆ ಇದರ ಮೇಲೆ.

ಮುಚ್ಚಳದಿಂದ ಕಂದು ಬಣ್ಣದ ಖಾಲಿ ಸಿಪ್ಪೆಯೊಂದು ಅರ್ಧ ಹೊರಗೆ ಚಾಚಿ ನಿಂತಿದ್ದರೆ, ತಲೆಯಲ್ಲಿ ಮುಳ್ಳುಗಳಿದ್ದರೆ, ಅದು ಆಂಥ್ರಾಕ್ಸ್ ಎಂಬ ಕಪ್ಪು ರೆಕ್ಕೆಯ ನೊಣ. ಹೆಣ್ಣು ನೊಣ ಕೊಳವೆಯ ಮುಂದೆ ನಿಂತಲ್ಲೇ ಹಾರುತ್ತ ಮೊಟ್ಟೆಗಳನ್ನು ಒಳಗೆ ಎಸೆಯುತ್ತದೆ. ಹಳದಿ-ಕಪ್ಪು ಬಣ್ಣದ, ಮೊಟ್ಟೆಯಿಡುವ ನಳಿಗೆಯನ್ನು ಬೆನ್ನ ಮೇಲೆ ಮಡಿಚಿಟ್ಟುಕೊಂಡ, ದಪ್ಪ ತೊಡೆಯ ಕಣಜವೊಂದು ಬಿರಡೆಯ ಮೇಲೆ ಕುಳಿತು ಡ್ರಿಲ್ ಮಾಡುವಂತೆ ಕಂಡರೆ ಅದು ಲ್ಯೂಕೋಸ್ಪಿಸ್. ಮುಚ್ಚಿದ ಕೋಶದೊಳಗೇ ಹೊರಗಿನಿಂದ ಮೊಟ್ಟೆ ಇಳಿಸುವ ಸಾಮರ್ಥ್ಯ ಅದಕ್ಕಿದೆ.

ಉಳಿದವು ಬೇಗ ಹೇಳಿ ಮುಗಿಸುವಂಥವು. ಬಿರಡೆ ಚಿಂದಿಯಾಗಿ ಪರಾಗವೆಲ್ಲ ಮಾಯವಾಗಿದ್ದರೆ ಇರುವೆ. ಕೊಳವೆಯೇ ಎಳೆದು ಬಿದ್ದಿದ್ದರೆ ಅಳಿಲು ಅಥವಾ ಹಕ್ಕಿ. ಪರಾಗದ ಮುದ್ದೆ ಬೂದು ಅಥವಾ ಕಪ್ಪು ಕೂದಲು ಬಿಟ್ಟಿದ್ದರೆ ಬೂಷ್ಟು, ಅಂದರೆ ಮಳೆ ನೀರು ಒಳಗೆ ಬಂದಿದೆ. ಮರಿ ಸೀಮೆಸುಣ್ಣದ ತುಂಡಿನಂತೆ ಗಟ್ಟಿಯಾಗಿದ್ದರೆ ಶಿಲೀಂಧ್ರ ರೋಗ. ಕಂದು ಪುಡಿ ಎಂದುಕೊಂಡದ್ದು ನಡೆದಾಡಿದರೆ ಉಣ್ಣಿಜಾತಿಯ ಸೂಕ್ಷ್ಮ ಜೀವಿ, ಅದು ಪರಾಗ ತಿಂದು ಹಾಕುತ್ತದೆ. ಅರ್ಧ ತುಂಬಿದ ಕೋಶ, ಮೊಟ್ಟೆಯೇ ಇಲ್ಲ, ಬಾಯಿ ತೆರೆದೇ ಇದೆ ಎಂದರೆ ತಾಯಿ ಹೊರಗೆಲ್ಲೋ ಸತ್ತಿದೆ. ಆ ವಾರ ಬೀದಿಯಲ್ಲಿ ಸೊಳ್ಳೆ ಹೊಗೆ ಬಿಟ್ಟಿದ್ದರೇ, ನೆರೆಯವರು ಟೊಮೆಟೊಗೆ ಔಷಧಿ ಹೊಡೆದಿದ್ದರೇ ವಿಚಾರಿಸಿ.

ದೋಷವೇ ಅಲ್ಲದ ಎರಡು ದೋಷಗಳು

ಬಾಯಿಯ ಹತ್ತಿರದ ಮೊದಲ ಕೋಣೆಯಲ್ಲಿ ಪರಾಗವೂ ಇಲ್ಲ, ಮರಿಯೂ ಇಲ್ಲ ಎಂದು ಹಲವರು ಚಿಂತಿಸುತ್ತಾರೆ. ಅದನ್ನು ಜೇನು ಬೇಕೆಂದೇ ಖಾಲಿ ಬಿಡುತ್ತದೆ. ಹೊರಗಿನಿಂದ ಕೊರೆದು ಬಂದ ಶತ್ರುವಿಗೆ ಮೊದಲು ಸಿಗುವುದು ಈ ಬರಿದಾದ ಮೊಗಸಾಲೆ.

ಇನ್ನೊಂದು, ತಡ. ನಮ್ಮ ಹವೆಯಲ್ಲಿ ಎಲೆ ಕತ್ತರಿಸುವ ಜೇನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ತಲೆಮಾರು ಕಾಣುತ್ತದೆ, ಅನೇಕ ಗೂಡುಗಳು ವಾರಗಳಲ್ಲೇ ಒಡೆಯುತ್ತವೆ. ಆದರೆ ಎಲ್ಲವೂ ಅಲ್ಲ. ಕೆಲವು ಮರಿಗಳು ಚೀಲದೊಳಗೆ ಬೆಳವಣಿಗೆ ನಿಲ್ಲಿಸಿ ಅನುಕೂಲದ ಕಾಲಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತವೆ. ಪಕ್ಕದ ಕೊಳವೆ ಒಡೆಯಿತು, ಇದು ಒಡೆಯಲಿಲ್ಲ ಎಂದು ಸೀಳಿದರೆ ಬೆಳ್ಳಗಿನ, ದಪ್ಪನೆಯ, ಜೀವಂತ ಮರಿ ಸಿಗುತ್ತದೆ. ಅದಕ್ಕೆ ಮತ್ತೆ ಮನೆ ಮಾಡಿಕೊಡುವುದು ಸುಲಭವಲ್ಲ.

ತಿದ್ದುವುದು

ಕೋಗಿಲೆ ಕಣಜ, ಸೀಲಿಯಾಕ್ಸಿಸ್‌ಗಳಂಥವು ಬಳಸಿಕೊಳ್ಳುವುದು ಬಾಗಿಲು ತೆರೆದಿರುವ ಹೊತ್ತನ್ನು. ಆದ್ದರಿಂದ ನಿಮ್ಮ ಕೊಳವೆಗಳಲ್ಲಿ ಇವುಗಳ ಪಾಲು ನಿಜಕ್ಕೂ ಜಾಸ್ತಿಯಾಗಿದ್ದರೆ ಕೇಳಬೇಕಾದದ್ದು "ಕಣಜ ಎಲ್ಲಿಂದ ಬಂತು" ಎಂದಲ್ಲ, "ನನ್ನ ಜೇನು ಇಷ್ಟು ಹೊತ್ತು ಹೊರಗೇಕಿದೆ" ಎಂದು. ಬಹುತೇಕ ಉತ್ತರ ಮೇವು. ಹೂವು ದೂರವಿದ್ದರೆ, ಕಡಿಮೆಯಿದ್ದರೆ, ಒಂದು ಕೋಶ ತುಂಬಲು ಹೆಚ್ಚು ಸಮಯ ಹಿಡಿಯುತ್ತದೆ, ಅಷ್ಟು ಸಮಯ ಕಳ್ಳನಿಗೆ ಸಿಗುತ್ತದೆ. ಗೂಡಿನ ಹತ್ತಿರವೇ ತೊಗರಿ, ಸೆಣಬು, ತುಳಸಿ ಬೆಳೆಯಿರಿ. ಬೇಲಿಯಂಚಿನ ಕಳೆ ಹೂಗಳನ್ನು ಕೀಳಬೇಡಿ. ಮೆಗಾಕೈಲ್‌ಗಳಿಗೆ ದ್ವಿದಳ ಸಸ್ಯಗಳ ಹೂವೆಂದರೆ ಇಷ್ಟ. ತೊಗರಿ ಹೊಲದ ಪರಾಗಸ್ಪರ್ಶದಲ್ಲಿ ಅವುಗಳ ಪಾತ್ರ ದೊಡ್ಡದು. ಗುಲಾಬಿ ಎಲೆ ಕತ್ತರಿಸಿತೆಂದು ಗೊಣಗುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ಎರಡನೆಯ ತಪ್ಪು ಗುಂಪುಗೂಡಿಸುವುದು. ಮಾರಾಟಕ್ಕೆ ಸಿಗುವ ದೊಡ್ಡ "ಜೇನು ಹೋಟೆಲ್"ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೂರಾರು ತೂತು ಒಂದೇ ಕಡೆ, ಅಂದಕ್ಕೆ ಪೈನ್ ಕಾಯಿ, ಹಿಂದೆ ಮುಂದೆ ಎರಡೂ ಕಡೆ ತೆರೆದ ಮೋಟು ಬಿದಿರು. ಸಹಜವಾಗಿ ಅಲ್ಲೊಂದು ಇಲ್ಲೊಂದು ಇರುವ ಗೂಡುಗಳನ್ನು ಒಂದೆಡೆ ರಾಶಿ ಹಾಕಿದರೆ ಪರಾವಲಂಬಿಗೆ ಹುಡುಕುವ ಕೆಲಸವೇ ಉಳಿಯುವುದಿಲ್ಲ. ಹತ್ತು ಹನ್ನೆರಡು ಕೊಳವೆಗಳ ಸಣ್ಣ ಕಟ್ಟುಗಳನ್ನು ತೋಟದ ಬೇರೆ ಬೇರೆ ಮೂಲೆಗಳಲ್ಲಿ ಹಾಕಿ. ಕೊಳವೆಯ ಹಿಂತುದಿ ಗೆಣ್ಣಿನಿಂದ ಮುಚ್ಚಿರಬೇಕು. ಒಳ ಅಗಲ 4ರಿಂದ 10 ಮಿಲಿಮೀಟರಿನವರೆಗೆ ಬೇರೆ ಬೇರೆ ಇರಲಿ, ಉದ್ದ ಸುಮಾರು 15 ಸೆಂಟಿಮೀಟರ್ ಇರಲಿ. ಮೋಟು ಕೊಳವೆಯಲ್ಲಿ ಗಂಡು ಜೇನುಗಳೇ ಹೆಚ್ಚಾಗುತ್ತವೆ. ಬಾಯಿಯ ಅಂಚನ್ನು ಮರಳು ಕಾಗದದಿಂದ ಉಜ್ಜಿ, ಸಿಬಿರು ರೆಕ್ಕೆ ಹರಿಯುತ್ತದೆ. ಬೆಳಗಿನ ಬಿಸಿಲು ಬೀಳುವಂತೆ ಪೂರ್ವಕ್ಕೆ ಮುಖ ಮಾಡಿ, ಮೇಲೊಂದು ಸೂರು ಚಾಚಿ, ಗಾಳಿಗೆ ಓಲಾಡದಂತೆ ಬಿಗಿದು ಕಟ್ಟಿ. ಮಲೆನಾಡಿನ ಕಡೆಯವರು ಸೂರನ್ನು ಒಂದು ಗೇಣಿಗೂ ಕಡಿಮೆ ಚಾಚಬಾರದು, ಅಲ್ಲಿ ಬೂಷ್ಟಿನಿಂದ ಸಾಯುವ ಮರಿಗಳ ಮುಂದೆ ಕಣಜದ ಲೆಕ್ಕ ಏನೂ ಅಲ್ಲ. ಇರುವೆಗೆ, ತೂಗುಹಾಕಿದ ತಂತಿಯ ಮೇಲೆ ಗ್ರೀಸ್ ಹಚ್ಚಿದರೆ ಮುಗಿಯಿತು.

ಮೆಲಿಟೋಬಿಯಾ ಸಿಕ್ಕಿದ್ದರೆ ಮಾತ್ರ ಕಠಿಣವಾಗಬೇಕು. ಸೋಂಕಿದ ಕೊಳವೆಗಳನ್ನು ಬೇರೆಯವಕ್ಕೆ ತಾಕದಂತೆ ಡಬ್ಬಿಯಲ್ಲಿ ಮುಚ್ಚಿ ಸುಟ್ಟುಬಿಡಿ, ಆ ಕಟ್ಟನ್ನು ಮತ್ತೆ ಬಳಸಬೇಡಿ. ಮುಂದಿನ ಸಲ, ಬಾಯಿ ಮುಚ್ಚಿ ಒಂದೆರಡು ದಿನವಾದ ಕೊಳವೆಯನ್ನು ತೆಗೆದು ದಟ್ಟ ನೇಯ್ಗೆಯ ಮಲ್ಮಲ್ ಬಟ್ಟೆಯ ಚೀಲದಲ್ಲಿ, ನೆರಳಿನ, ಗಾಳಿಯಾಡುವ ಜಾಗದಲ್ಲಿಡಿ. ಸೊಳ್ಳೆ ಪರದೆ ಸಾಲದು, ಅದರ ಕಣ್ಣಿನಲ್ಲಿ ಈ ಹುಳು ಆರಾಮವಾಗಿ ದಾಟುತ್ತದೆ. ಕೊಳವೆಯನ್ನು ಅಡ್ಡವಾಗಿಯೇ ಇಡಿ, ನಿಲ್ಲಿಸಬೇಡಿ, ಅಲುಗಾಡಿಸಬೇಡಿ: ಎಳೆ ಮರಿ ಪರಾಗದ ಮುದ್ದೆಯಿಂದ ಕಳಚಿ ಬಿದ್ದರೆ ಹಸಿದು ಸಾಯುತ್ತದೆ. ದಿನಾ ಒಮ್ಮೆ ನೋಡಿ, ಹೊರಬಂದ ಜೇನನ್ನು ಬೆಳಗ್ಗೆ ಬಿಟ್ಟುಬಿಡಿ.

ಆ ಚೀಲದಲ್ಲಿ ಒಂದು ದಿನ ಜೇನಿನ ಬದಲು ಪಚ್ಚೆ ಕಣಜ ಕುಳಿತಿದ್ದರೆ ಅದನ್ನೂ ಬಿಡಿ. ಅದಕ್ಕೆ ತನ್ನ ಆತಿಥೇಯನಿಲ್ಲದೆ ಬದುಕಿಲ್ಲ. ಅದು ಬಂದಿದೆ ಎಂದರೆ ಸುತ್ತಲಲ್ಲಿ ಗೂಡು ಕಟ್ಟುವವರು ಸಾಕಷ್ಟಿದ್ದಾರೆ. ಫೋಟೋ ತೆಗೆಯುವುದಾದರೆ ಹೊಟ್ಟೆಯ ತುದಿಯ ಅಂಚು ಸ್ಪಷ್ಟವಾಗಿ ಬರಲಿ, ಅಲ್ಲಿನ ಹಲ್ಲುಗಳ ಎಣಿಕೆ ಕ್ರೈಸಿಸ್ ಪ್ರಭೇದಗಳನ್ನು ಬೇರ್ಪಡಿಸಲು ಬೇಕಾಗುತ್ತದೆ. ಜೊತೆಗೆ ಅದು ಬಂದ ಕೊಳವೆಯ ಸಂಖ್ಯೆಯನ್ನೂ, ಅದರಲ್ಲಿ ಗೂಡು ಕಟ್ಟಿದ್ದು ಯಾರೆಂಬುದನ್ನೂ ಬರೆದಿಡಿ. ಯಾವ ಕಣಜ ಯಾರ ಗೂಡಿನಿಂದ ಬಂತು ಎಂಬ ಇಂಥ ಖಚಿತ ಟಿಪ್ಪಣಿ ಕೀಟಶಾಸ್ತ್ರಜ್ಞರಿಗೆ ಚಿತ್ರಕ್ಕಿಂತ ಹೆಚ್ಚು ಬೆಲೆಬಾಳುವಂಥದ್ದು.